ಡಬಲ್ ಬೇಸ್ ವಾದನದಲ್ಲಿ ಎಡಗೈಯ ಹೆಬ್ಬೆರಳು

ಮಳಖೇಡದ ಕೋಟೆಯ ಮಗ್ಗುಲಲ್ಲಿ ಕಾಗಿಣಾ ನದಿ ಹರಿಯುತ್ತದೆ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿ ಮಾನ್ಯಖೇಟವೆನಿಸಿದ್ದ ಆ ಊರು ಈಗ ಸೇಡಂ ತಾಲ್ಲೂಕಿನ ಒಂದು ಗ್ರಾಮ. ಆ ಸೀಮೆಯ ಭಜನೆಗಳಲ್ಲಿ ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳನ್ನು ಏಕತಾರಿಯೊಡನೆ ಹಾಡುವ ರೂಢಿಯುಂಟು. ಕೇಳುವವರ ಲಕ್ಷ್ಯವೆಲ್ಲ ಪದದ ಮೇಲಿರುತ್ತದೆ. ಏಕತಾರಿಯ ಒಂಟಿ ತಂತಿಯನ್ನು ಯಾರೂ ಗಮನಿಸುವುದಿಲ್ಲ. ಆದರೆ ಅದು ಅರೆಗಳಿಗೆ ನಿಂತಿತೆಂದರೆ ಹಾಡು ನೆಲೆ ತಪ್ಪಿದಂತಾಗುತ್ತದೆ. ಆ ವಾದ್ಯದಲ್ಲಿ ಇನ್ನೊಂದು ವಿಶೇಷವನ್ನೂ ಕಾಣಬಹುದು. ಕೋಲನ್ನು ಹಿಡಿದ ಕೈಯ ತೋರುಬೆರಳೇ ತಂತಿಯನ್ನೂ ಮೀಟುತ್ತದೆ. ಹಿಡಿತ ಬಿಗಿಯಾಯಿತೆಂದರೆ ಮೀಟು ಕುಂಟುತ್ತದೆ. ಹಿಡಿಯುವ ಕೆಲಸವನ್ನೂ ನುಡಿಸುವ ಕೆಲಸವನ್ನೂ ಒಂದೇ ಕೈ ಮಾಡಬೇಕಾದಾಗ ಬರತಕ್ಕ ತೊಡಕು ಇದು.

ಇದೇ ತೊಡಕು ದೊಡ್ಡ ಪ್ರಮಾಣದಲ್ಲಿ ಎದುರಾಗುವುದು ಪಾಶ್ಚಾತ್ಯ ವಾದ್ಯವೃಂದದ ಡಬಲ್ ಬೇಸಿನಲ್ಲಿ. ಅದು ಆ ವೃಂದದ ಮಂದ್ರಸ್ಥಾಯಿಯ ಆಧಾರ. ಇಂಥ ವೃಂದಗಳ ನಂಟು ಕನ್ನಡ ನಾಡಿಗೆ ಹೊಸದಲ್ಲ; ಮೈಸೂರಿನ ಜಯಚಾಮರಾಜ ಒಡೆಯರು 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲನೆಯ ಅಧ್ಯಕ್ಷರಾದರು. ಆದರೆ ಧ್ವನಿವಾಹಿನಿಯಲ್ಲಿ ಸಂಗೀತವನ್ನು ಕೇಳುವ ನಮಗೆ ವಾದಕನ ಕೈ ಕಾಣುವುದಿಲ್ಲ. ಸಭೆಯಲ್ಲಿ ಕುಳಿತವರಿಗೂ ಅವನ ಎಡಗೈಯ ಹೆಬ್ಬೆರಳು ಕಾಣುವುದು ದುರ್ಲಭ. ಅದು ವಾದ್ಯದ ಕುತ್ತಿಗೆಯ ಹಿಂದೆ ಅಡಗಿರುತ್ತದೆ. ಅಲ್ಲಿ ಅದು ಏನು ಮಾಡುತ್ತದೆ, ಏನು ಮಾಡಬಾರದು ಎಂಬುದೇ ಇಂದು ನಮ್ಮ ವಿಚಾರ.

ಮೊದಲು ವಾದ್ಯದ ಅಳತೆಯನ್ನು ನೋಡೋಣ. ಡಬಲ್ ಬೇಸು ಸುಮಾರು ಆಳೆತ್ತರದ ವಾದ್ಯ. ವಾದಕನು ನಿಂತು ಅಥವಾ ಎತ್ತರದ ಪೀಠದ ಮೇಲೆ ಕುಳಿತು, ಅದನ್ನು ತನ್ನ ಮೈಗೆ ಒರಗಿಸಿಕೊಂಡು ನುಡಿಸುತ್ತಾನೆ. ಸಾಮಾನ್ಯವಾಗಿ ನಾಲ್ಕು ತಂತಿಗಳು. ಒಂದಕ್ಕೂ ಮುಂದಿನದಕ್ಕೂ ಇರುವ ಅಂತರ ಷಡ್ಜಕ್ಕೂ ಶುದ್ಧ ಮಧ್ಯಮಕ್ಕೂ ಇರುವಷ್ಟು. ಪಿಟೀಲಿನ ತಂತಿಯ ನುಡಿಯುವ ಭಾಗ ಸುಮಾರು 13 ಅಂಗುಲವಾದರೆ ಇದರದು ಸುಮಾರು 42 ಅಂಗುಲ. ಬಿಡಿ ತಂತಿಯನ್ನು ಷಡ್ಜವೆಂದು ಭಾವಿಸಿದರೆ, ಚತುಶ್ರುತಿ ರಿಷಭವು ಪಿಟೀಲಿನಲ್ಲಿ ಒಂದೂವರೆ ಅಂಗುಲದೊಳಗೇ ಸಿಕ್ಕುತ್ತದೆ. ಡಬಲ್ ಬೇಸಿನಲ್ಲಿ ನಾಲ್ಕೂವರೆ ಅಂಗುಲ ಕೆಳಗಿಳಿಯಬೇಕು. ತಂತಿಗಳೂ ದಪ್ಪ, ಅವುಗಳ ಬಿಗಿತವೂ ಬಹಳ. ವೀಣೆಯಲ್ಲಿರುವಂತೆ ಮೆಟ್ಟಿಲುಗಳು ಇಲ್ಲವಾದುದರಿಂದ ಬೆರಳು ಕೂದಲೆಳೆಯಷ್ಟು ಸರಿದರೂ ಶ್ರುತಿ ಕೆಡುತ್ತದೆ.

ಇಂತಹ ತಂತಿಯನ್ನು ಒತ್ತಬೇಕಾದಾಗ ಕಲಿಯುವವನ ಕೈ ತಾನಾಗಿಯೇ ಇಕ್ಕಳವಾಗುತ್ತದೆ. ಮುಂದಿನಿಂದ ನಾಲ್ಕು ಬೆರಳು, ಹಿಂದಿನಿಂದ ಹೆಬ್ಬೆರಳು. ನಡುವೆ ಸಿಕ್ಕಿದ ಕುತ್ತಿಗೆಯನ್ನು ಅವನು ಹಿಂಡುತ್ತಾನೆ. ಸ್ವರವೇನೋ ಬರುತ್ತದೆ. ಆದರೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಹೆಬ್ಬೆರಳಿನ ಬುಡದ ಮಾಂಸಖಂಡ ನೋಯತೊಡಗುತ್ತದೆ. ಈ ನೋವನ್ನು ನಾವು ಅನುಭವದಿಂದ ಬಲ್ಲೆವು. ಬಾಲ್ಯದಲ್ಲಿ ಪಿಟೀಲನ್ನು ಕಲಿಯುವಾಗ ಹೆಬ್ಬೆರಳನ್ನು ಬಿಗಿಹಿಡಿಯುವುದೇ ಶ್ರದ್ಧೆಯೆಂದು ಭಾವಿಸಿ, ನೋವನ್ನು ಸಾಧನೆಯ ಗುರುತೆಂದು ಎಣಿಸಿ, ಕಡೆಗೆ ಕೆಲವು ತಿಂಗಳು ವಾದ್ಯವನ್ನು ಮುಟ್ಟಲಾರದೆ ಹೋದೆವು. ಚಿಕ್ಕ ಪಿಟೀಲಿನಲ್ಲೇ ಹೀಗಾದರೆ ಡಬಲ್ ಬೇಸಿನ ಮಾತೇನು?

ಇದರ ಕಾರಣವನ್ನು ಶ್ರೋತೃಗಳು ಕುಳಿತಲ್ಲಿಯೇ ಪರೀಕ್ಷಿಸಬಹುದು. ಹೆಬ್ಬೆರಳನ್ನೂ ತೋರುಬೆರಳನ್ನೂ ಒಂದಕ್ಕೊಂದು ಬಲವಾಗಿ ಒತ್ತಿ ಹಿಡಿಯಿರಿ. ಹಾಗೆಯೇ ಉಳಿದ ಮೂರು ಬೆರಳುಗಳನ್ನು ವೇಗವಾಗಿ ಆಡಿಸಲು ಯತ್ನಿಸಿರಿ. ಅವು ತಡವರಿಸುತ್ತವೆ, ಮಣಿಕಟ್ಟೂ ಸೆಡೆಯುತ್ತದೆ. ಈಗ ಹೆಬ್ಬೆರಳನ್ನು ಸಡಿಲಿಸಿರಿ. ಬೆರಳುಗಳು ಒಡನೆಯೇ ಹಗುರಾಗುತ್ತವೆ. ಹೆಬ್ಬೆರಳು ಹಿಂಡಿದಷ್ಟೂ ಉಳಿದ ಬೆರಳುಗಳ ಸ್ವಾತಂತ್ರ್ಯ ಕುಗ್ಗುತ್ತದೆಂಬುದು ಇದರಿಂದ ತಿಳಿಯುವುದು.

ಹಾಗಾದರೆ ತಂತಿಯನ್ನು ಒತ್ತುವ ಬಲ ಎಲ್ಲಿಂದ ಬರಬೇಕು? ತೋಳಿನಿಂದ. ಮಳಖೇಡಕ್ಕೆ ಅನತಿದೂರದ ಶಹಾಬಾದಿನಲ್ಲಿ ಹಾಸುಗಲ್ಲುಗಳನ್ನು ಎತ್ತಿ ಸಾಗಿಸುವ ಕೆಲಸಗಾರರನ್ನು ನೆನೆಯಿರಿ. ನುರಿತವನು ಚಪ್ಪಡಿಯನ್ನು ಬೆರಳುಗಳಿಂದ ಚಿವುಟಿ ಹಿಡಿಯುವುದಿಲ್ಲ. ಭಾರವನ್ನು ತೋಳಿಗೂ ಬೆನ್ನಿಗೂ ಒಪ್ಪಿಸುತ್ತಾನೆ, ಬೆರಳುಗಳು ಕಲ್ಲಿಗೆ ದಾರಿ ತೋರುತ್ತವೆ. ಡಬಲ್ ಬೇಸಿನಲ್ಲಿಯೂ ಹೀಗೆಯೇ. ಎಡತೋಳು ಬೆರಳುಗಳ ತುದಿಯಿಂದ ತೂಗಿಕೊಂಡಂತಿದ್ದು, ತನ್ನ ತೂಕದಿಂದಲೇ ತಂತಿಯನ್ನು ಹಲಗೆಯತ್ತ ಎಳೆಯುತ್ತದೆ. ವಾದ್ಯವು ಹಿಂದಕ್ಕೆ ಸರಿಯದಂತೆ ತಡೆಯುವುದು ವಾದಕನ ಮೈ, ಹೆಬ್ಬೆರಳಲ್ಲ.

ಇನ್ನು ಹೆಬ್ಬೆರಳಿನ ನೆಲೆ. ಕೆಳಸ್ವರಗಳನ್ನು ನುಡಿಸುವಾಗ ಅದು ಕುತ್ತಿಗೆಯ ಹಿಂಬದಿಯ ನಡುವೆ, ಹೆಚ್ಚುಕಡಮೆ ನಡುಬೆರಳಿಗೆ ಎದುರಾಗಿ ಇರತಕ್ಕದ್ದು. ತಾಗಬೇಕಾದುದು ಅದರ ಮೆತ್ತನೆಯ ಭಾಗ. ಕೀಲು ಒಳಕ್ಕೆ ಕುಸಿಯಬಾರದು. ಬೆರಳು ಕುತ್ತಿಗೆಯ ಅಂಚನ್ನು ದಾಟಿ ಕೊಕ್ಕೆಯಂತೆ ಮೇಲೆ ಬರಬಾರದು. ನೀರು ತುಂಬಿದ ದೊಡ್ಡ ಲೋಟವನ್ನು ಹಿಡಿದ ಕೈಯ ಆಕಾರವನ್ನು ನೆನೆದರೆ ಸಾಕು. ಮೊಳಕೈ ಜೋತುಬಿದ್ದರೆ ಮಣಿಕಟ್ಟು ಮುರಿದಂತೆ ಬಾಗಿ ಹೆಬ್ಬೆರಳು ಮತ್ತೆ ಬಿಗಿಯುವುದರಿಂದ ಮೊಳಕೈಯನ್ನು ತಕ್ಕಷ್ಟು ಎತ್ತಿರಬೇಕು. ಹಿಡಿತ ಸರಿಯಾಗಿದೆಯೇ ಎಂಬುದಕ್ಕೆ ಒಂದು ಸುಲಭ ಪರೀಕ್ಷೆಯಿದೆ. ಒಂದು ಸ್ವರವನ್ನು ಕಮಾನಿನಿಂದ ನೀಳವಾಗಿ ನುಡಿಸುತ್ತ ಹೆಬ್ಬೆರಳನ್ನು ಕುತ್ತಿಗೆಯಿಂದ ಎತ್ತಿಬಿಡಬೇಕು. ಸ್ವರ ಕೆಡದೆ ನಿಂತರೆ ತೋಳು ತನ್ನ ಕೆಲಸವನ್ನು ಮಾಡುತ್ತಿದೆ.

ಬಲಪ್ರಯೋಗ ಬೇಡವೆಂದಾದರೆ ಹೆಬ್ಬೆರಳು ಏತಕ್ಕೆ? ಅದು ಕೈಗೆ ದಿಕ್ಕನ್ನು ಸೂಚಿಸುವ ಗುರುತು. ವಿಯೆನ್ನಾ ನಗರದಲ್ಲಿ ಬೋಧಿಸಿದ ಫ್ರಾಂಟ್ಸ್ ಸಿಮಾಂಡ್ಲನ (1840–1912) ಹೆಸರಿನಿಂದ ಪ್ರಸಿದ್ಧವಾದ ಪದ್ಧತಿಯಲ್ಲಿ ಕೆಳಸ್ಥಾನಗಳಲ್ಲಿ ತೋರುಬೆರಳು, ನಡುಬೆರಳು, ಕಿರುಬೆರಳು ಈ ಮೂರನ್ನೇ ಪ್ರಯೋಗಿಸುತ್ತಾರೆ. ಉಂಗುರದ ಬೆರಳು ಕಿರುಬೆರಳಿಗೆ ಆಸರೆ. ಕೈ ಒಂದೆಡೆ ನಿಂತಾಗ ಎಟಕುವುದು ಷಡ್ಜದಿಂದ ರಿಷಭದಷ್ಟು ಅಂತರ ಮಾತ್ರ. ಆದುದರಿಂದ ಕೈ ಪದೇಪದೇ ಜಾರಬೇಕು; ಹೆಬ್ಬೆರಳೂ ಅದರೊಡನೆ ಜಾರಬೇಕು. ಅದು ಹಿಂದುಳಿದರೆ ಕೈ ಸ್ವರವನ್ನು ಮುಟ್ಟದೆ ಮೊಟಕಾಗುತ್ತದೆ. ಆದರೆ 1931ರಲ್ಲಿ ಸಿರಿಯಾ ದೇಶದ ಅಲೆಪ್ಪೊದಲ್ಲಿ ಜನಿಸಿದ ಫ್ರಾನ್ಸ್ವಾ ರಬ್ಬಾತ್ ಎಂಬ ವಾದಕರು ಬೇರೊಂದು ಮಾರ್ಗವನ್ನು ಪ್ರಚಾರಕ್ಕೆ ತಂದರು. ಅವರ ಕ್ರಮದಲ್ಲಿ ಹೆಬ್ಬೆರಳು ನಿಂತಲ್ಲಿಯೇ ನಿಂತು, ಕೈ ಅದರ ಸುತ್ತ ತಿರುಗಣಿಯಂತೆ ಹೊರಳಿ ಆಚೀಚೆಯ ಸ್ವರಗಳನ್ನು ಮುಟ್ಟುತ್ತದೆ. ಮಾರ್ಗಗಳು ಬೇರೆಯಾದರೂ ಹೆಬ್ಬೆರಳು ಹಿಂಡಬಾರದೆಂಬ ನಿಯಮ ಎರಡಕ್ಕೂ ಸಮಾನ. ಹಿಂಡಿದ ಹೆಬ್ಬೆರಳು ಜಾರಲಾರದು, ತಿರುಗಣಿಯೂ ಆಗಲಾರದು.

ಕೈ ಕೆಳಗಿಳಿದಂತೆ ಕುತ್ತಿಗೆ ಮುಗಿದು ವಾದ್ಯದ ಒಡಲು ಅಡ್ಡ ಬರುತ್ತದೆ. ಇನ್ನೂ ಮುಂದೆ, ತಂತಿಯ ನಟ್ಟನಡುವಿನ ತಾರಷಡ್ಜದ ಸುತ್ತ, ಹೆಬ್ಬೆರಳು ಹಿಂದಿನಿಂದ ಹೊರಬಂದು ಹಲಗೆಯ ಮೇಲೆಯೇ ಏರುತ್ತದೆ. ಉಗುರಿನ ಪಕ್ಕದ ಅಂಚು ತಂತಿಯ ಮೇಲೆ ಅಡ್ಡಲಾಗಿ ಮಲಗಿ ಸ್ವರವನ್ನೇ ಒತ್ತುತ್ತದೆ. ಇದನ್ನು ಹೆಬ್ಬೆರಳ ಸ್ಥಾನವೆನ್ನುತ್ತಾರೆ. ಅಲ್ಲಿಯತನಕ ಮರೆಯಲ್ಲಿದ್ದ ಬೆರಳು ಅಲ್ಲಿ ನುಡಿಸುವ ಬೆರಳಾಗುತ್ತದೆ. ಇಟಲಿಯ ಬೊಟ್ಟೆಸೀನಿ (1821–1889) ಈ ಭಾರವಾದ ವಾದ್ಯದ ಎತ್ತರದ ಸ್ವರಗಳಲ್ಲಿ ಹಾಡಿನ ಮಾಧುರ್ಯವನ್ನು ತಂದು ಹೆಸರಾದನು. ಅಲ್ಲಿಯೂ ಬಲ ತೋಳಿನದೇ.

ನಮ್ಮ ಕರ್ನಾಟಕ ಸಂಗೀತವು ಪಿಟೀಲನ್ನು ತನ್ನದಾಗಿಸಿಕೊಂಡಾಗ ಇದೇ ತೊಡಕನ್ನು ಬೇರೆ ಬಗೆಯಲ್ಲಿ ಪರಿಹರಿಸಿತು. ವಾದಕನು ನೆಲದ ಮೇಲೆ ಕುಳಿತು, ವಾದ್ಯದ ಒಂದು ಕೊನೆಯನ್ನು ಎದೆಗೂ ಇನ್ನೊಂದನ್ನು ಬಲಪಾದಕ್ಕೂ ಆನಿಸುತ್ತಾನೆ. ವಾದ್ಯವನ್ನು ಎತ್ತಿ ಹಿಡಿಯುವ ಹೊರೆ ಎಡಗೈಗೆ ತಪ್ಪುತ್ತದೆ. ಜಾರು ಗಮಕಗಳಿಗೆ ಹೆಬ್ಬೆರಳು ನಿರಾತಂಕವಾಗಿ ಸರಿದಾಡುತ್ತದೆ. ಏಳು ತಂತಿಗಳ ಪಿಟೀಲನ್ನು ನುಡಿಸಿದ ಮೈಸೂರಿನ ಟಿ. ಚೌಡಯ್ಯನವರ ನಾದವನ್ನು ಧ್ವನಿಮುದ್ರಿಕೆಗಳಲ್ಲಿ ಕೇಳುವವರು ಆ ಆಸನವನ್ನೂ ಒಮ್ಮೆ ನೆನೆಯಬೇಕು.

ಮಕ್ಕಳಿಗೆ ತಂತಿವಾದ್ಯವನ್ನು ಕಲಿಸುವ ಹಿರಿಯರಲ್ಲಿ ನಮ್ಮದೊಂದು ವಿಜ್ಞಾಪನೆ. ಮಗು ಕೈ ನೋವೆಂದರೆ ಸೋಮಾರಿತನವೆಂದು ಗದರಿಸದೆ ವಾದ್ಯವನ್ನು ಕೆಳಗಿಡಿಸಿರಿ. ಆಮೇಲೆ ಹೆಬ್ಬೆರಳು ಎಲ್ಲಿದೆ, ಎಷ್ಟು ಬಿಗಿದಿದೆ ಎಂದು ನೋಡಿರಿ. ಬಹುಪಾಲು ದೋಷ ಅಲ್ಲಿಯೇ ಸಿಕ್ಕುವುದು. ಕಾಗಿಣಾ ತೀರದ ಭಜನೆಯಲ್ಲಿ ಇರುಳೆಲ್ಲ ಏಕತಾರಿ ಮೀಟುವವನ ಕೈ ಬೆಳಗಾದರೂ ದಣಿಯದಿರುವುದು ಅವನು ಕೋಲನ್ನು ಹಗುರಾಗಿ ಹಿಡಿದುದರಿಂದಲೇ.