ಬಾಣಂತಿಗೆ ಬೇರಿನ ಪುಡಿ: 'ನೈಸರ್ಗಿಕ, ಅಡ್ಡ ಪರಿಣಾಮವೇ ಇಲ್ಲ' ಎಂಬುದು ನಿಜವೇ?

'ಬಾಣಂತಿಗೆ ಹಾಲು ಕಡಿಮೆಯೇ? ಈ ಬೇರಿನ ಪುಡಿ ಕೊಡಿ, ಮೂರೇ ದಿನದಲ್ಲಿ ಹಾಲು ಹೆಚ್ಚುತ್ತದೆ. ನೈಸರ್ಗಿಕ, ಅಡ್ಡ ಪರಿಣಾಮ ಇಲ್ಲ. ಎಲ್ಲ ತಾಯಂದಿರಿಗೂ ಕಳುಹಿಸಿ.' ಇಂಥ ಸಂದೇಶ ನಿಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಕಳುಹಿಸುವವರ ಉದ್ದೇಶ ಒಳ್ಳೆಯದೇ. ಆದರೆ ಹೇಳಿದ್ದು ಎಷ್ಟು ನಿಜ? ನಾವು ಪರಿಶೀಲಿಸಿದೆವು.

ಚುಟುಕಾಗಿ ಹೇಳುವುದಾದರೆ, ಅಡುಗೆಗೆ ಹಾಕುವಷ್ಟು ಶುಂಠಿ, ಅರಿಶಿನ ಹೆಚ್ಚಿನ ಬಾಣಂತಿಯರಿಗೆ ತೊಂದರೆ ಕೊಡುವುದಿಲ್ಲ. ಚಮಚಗಟ್ಟಲೆ ಕುಡಿಸುವ ಬೇರಿನ ಪುಡಿಯ ಮಾತೇ ಬೇರೆ. ಅದನ್ನು ಊಟವೆಂದಲ್ಲ, ಔಷಧಿಯೆಂದೇ ನೋಡಬೇಕು.

ನಮ್ಮ ಕಡೆಯ ಬಾಣಂತನದ ಊಟ ತಪ್ಪೇ?

ಖಂಡಿತ ಅಲ್ಲ. ಬಾಡಗಂಡಿ, ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಕಡೆ ಹೆರಿಗೆಯಾದ ಮನೆಯಲ್ಲಿ ಅಂಟಿನ ಉಂಡಿ, ಅಳವಿ ಪಾಯಸ, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪ, ಒಣಶುಂಠಿ ಇದ್ದೇ ಇರುತ್ತವೆ. ಹಾಲುಣಿಸುವ ತಾಯಿಗೆ ಮೊದಲಿಗಿಂತ ಹೆಚ್ಚು ಆಹಾರ ಬೇಕು, ಈ ತಿನಿಸುಗಳು ಅದನ್ನು ಕೊಡುತ್ತವೆ. ಇವುಗಳ ಜೊತೆ ಬೇಳೆ, ಸೊಪ್ಪು, ಹಣ್ಣು, ಬೇಕಾದಷ್ಟು ನೀರೂ ಇರಲಿ. 'ಬಾಣಂತಿ ನೀರು ಕುಡಿಯಬಾರದು' ಎಂಬ ಮಾತನ್ನು ಮಾತ್ರ ಬಿಟ್ಟುಬಿಡಿ.

ಶತಾವರಿ ಬೇರಿನಿಂದ ಹಾಲು ಹೆಚ್ಚುತ್ತದೆಯೇ?

ಹಾಲಿಗೆಂದು ಹೆಚ್ಚು ಹೆಸರು ಮಾಡಿರುವ ಬೇರು ಶತಾವರಿ. ಕನ್ನಡದಲ್ಲಿ ಇದಕ್ಕೆ 'ಹಲವು ಮಕ್ಕಳ ತಾಯಿ ಬೇರು' ಎಂಬ ಹೆಸರೂ ಇದೆ. ಆಯುರ್ವೇದದಲ್ಲಿ ಇದರ ಬಳಕೆ ಬಹಳ ಹಳೆಯದು. ಪರೀಕ್ಷೆಗಳಲ್ಲಿ ಕಂಡದ್ದು ಮಾತ್ರ ಒಂದೇ ರೀತಿ ಇಲ್ಲ. 1996ರಲ್ಲಿ 'ಇಂಡಿಯನ್ ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾಲು ಕಡಿಮೆಯಿದ್ದ ತಾಯಂದಿರಿಗೆ ಶತಾವರಿ ಇದ್ದ ಮದ್ದು ಕೊಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2011ರಲ್ಲಿ ಪ್ರಕಟವಾದ, 60 ತಾಯಂದಿರ ಇನ್ನೊಂದು ಅಧ್ಯಯನದಲ್ಲಿ ಹಾಲಿಗೆ ಸಂಬಂಧಿಸಿದ ಪ್ರೊಲ್ಯಾಕ್ಟಿನ್ ಹಾರ್ಮೋನು ಏರಿತು. ಎರಡೂ ಚಿಕ್ಕ ಅಧ್ಯಯನಗಳೇ.

2020ರಲ್ಲಿ ಕಾಕ್ರೇನ್ ಸಂಸ್ಥೆ ಹಾಲು ಹೆಚ್ಚಿಸುವ ಮಾತ್ರೆ, ಗಿಡಮೂಲಿಕೆ, ಆಹಾರಗಳ ಮೇಲೆ ನಡೆದ 41 ಪರೀಕ್ಷೆಗಳನ್ನು ಒಟ್ಟಿಗೆ ನೋಡಿತು. ಗಿಡಮೂಲಿಕೆಗಳಿಂದ ಸ್ವಲ್ಪ ಲಾಭ ಇರಬಹುದು, ಆದರೆ ಪುರಾವೆ ಬಹಳ ದುರ್ಬಲ ಎಂಬುದು ಅದರ ಸಾರ. ಹಾಗಾಗಿ 'ಮೂರೇ ದಿನದಲ್ಲಿ' ಎಂಬ ಭರವಸೆಗೆ ಆಧಾರವಿಲ್ಲ.

ಹಾಲು ಹೆಚ್ಚಲು ಮುಖ್ಯ ಕಾರಣ ಕೂಸು ಚೀಪುವುದು. ಕೂಸು ಸರಿಯಾಗಿ ಬಾಯಿ ಹಾಕಿ ಎಷ್ಟು ಸಲ ಕುಡಿದು ಎದೆ ಖಾಲಿ ಮಾಡುತ್ತದೋ, ದೇಹ ಅಷ್ಟು ಹಾಲು ತಯಾರಿಸುತ್ತದೆ. ಹಗಲು ರಾತ್ರಿ ಸೇರಿ ದಿನಕ್ಕೆ 8ರಿಂದ 12 ಸಲ ಹಾಲುಣಿಸಬೇಕು.

ನೈಸರ್ಗಿಕ ಎಂದರೆ ಸುರಕ್ಷಿತವೇ?

ಎಲ್ಲ ಬೇರೂ ಒಂದೇ ಅಲ್ಲ. ಕೆಲವನ್ನು ನೋಡೋಣ.

ಅಶ್ವಗಂಧ: 'ಬಾಣಂತಿಗೆ ಶಕ್ತಿ ಬರಲಿ' ಎಂದು ಕೊಡುವವರಿದ್ದಾರೆ. ಇದು ನಿದ್ದೆ ತರಿಸಬಹುದು, ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು. ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ದಾಖಲಾಗಿವೆ. ಡೆನ್ಮಾರ್ಕ್ 2023ರಲ್ಲಿ ಇದನ್ನು ನಿಷೇಧಿಸಿತು. ಹಾಲುಣಿಸುವಾಗ ಇದು ಸುರಕ್ಷಿತ ಎನ್ನಲು ಪುರಾವೆ ಇಲ್ಲ. ವೈದ್ಯರು ಹೇಳದೆ ಬೇಡ.

ಜ್ಯೇಷ್ಠಮಧು: ಹೆಚ್ಚು ದಿನ, ಹೆಚ್ಚು ಪ್ರಮಾಣದಲ್ಲಿ ತಿಂದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಶಿಯಂ ಇಳಿಯುತ್ತದೆ. ಬಸುರಿಯಿದ್ದಾಗ ಬಿಪಿ ಬಂದಿದ್ದ ತಾಯಿಗೆ ಇದು ಅಪಾಯ.

ಅರಿಶಿನ: ಬೇರುಗಡ್ಡೆ ಕೆಟ್ಟದ್ದಲ್ಲ, ಅಪಾಯ ಇರುವುದು ಕಲಬೆರಕೆಯಲ್ಲಿ. ಹಳದಿ ಮಿಂಚಲೆಂದು ಸೀಸ ಇರುವ ಲೆಡ್ ಕ್ರೋಮೇಟ್ ಬಳಿಯುವುದುಂಟು. ಬಾಂಗ್ಲಾದೇಶದ ಹಳ್ಳಿಗಳ ಗರ್ಭಿಣಿಯರ ರಕ್ತದಲ್ಲಿ ಸಿಕ್ಕ ಸೀಸಕ್ಕೆ ಇಂಥ ಅರಿಶಿನವೇ ಮುಖ್ಯ ಕಾರಣ ಎಂದು 2019ರಲ್ಲಿ ಸಂಶೋಧಕರು ತೋರಿಸಿದರು. ಸೀಸ ತಾಯಿಯ ಹಾಲಿನ ಮೂಲಕ ಕೂಸಿಗೂ ಹೋಗುತ್ತದೆ, ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಕಣ್ಣಿಗೆ ಹೊಡೆಯುವಷ್ಟು ಹಳದಿಯಿರುವ ಕೊಂಬು, ಬಿಡಿ ಪುಡಿ ಬೇಡ. ಪರಿಚಯದ ರೈತರಲ್ಲಿ ಕೊಂಬು ಕೊಂಡು ಬೀಸಿಸಿಕೊಳ್ಳುವುದು ಒಳ್ಳೆಯದು.

ಹೆಸರಿಲ್ಲದ ಪುಡಿ: 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಮೆರಿಕದ ಬೋಸ್ಟನ್ ಸುತ್ತಮುತ್ತಲಿನ ಅಂಗಡಿಗಳಿಂದ ತಂದ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಎಲ್ಲ ಔಷಧಿಯೂ ಹೀಗೇ ಎಂದಲ್ಲ. ಆದರೆ ಪೊಟ್ಟಣದ ಮೇಲೆ ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಏನೇನಿದೆ ಎಂಬ ವಿವರ ಇಲ್ಲದಿದ್ದರೆ ಬಾಣಂತಿಗೆ ಕೊಡಬೇಡಿ.

ಹೊಲದ ಬದುವಿನಿಂದ ಅಗೆದು ತರುವ ಬೇರಿನಲ್ಲೂ ಎಚ್ಚರ ಬೇಕು. ಗೌರಿಹೂವು ಅಥವಾ ಅಗ್ನಿಶಿಖೆ ಎಂಬ ಬಳ್ಳಿಯ ಗಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ. ತಪ್ಪಿ ತಿಂದರೆ ಪ್ರಾಣವೇ ಹೋಗಬಹುದು.

ಕೂಸಿಗೆ ಬಜೆ ತೇಯ್ದು ಕೊಡಬಹುದೇ?

ಬೇಡ. ಸಾಣೆಕಲ್ಲಿನ ಮೇಲೆ ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚುವುದು ಹಲವು ಮನೆಗಳ ರೂಢಿ. ಬಜೆಯಲ್ಲಿ ಬೀಟಾ ಅಸರೋನ್ ಎಂಬ ಅಂಶವಿದೆ. ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಗಡ್ಡೆಗಳು ಕಂಡದ್ದರಿಂದ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸುವಂತಿಲ್ಲ ಎಂದಿತು. ಮೊದಲ 6 ತಿಂಗಳು ಎದೆಹಾಲು ಬಿಟ್ಟು ನೀರೂ ಸಹ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವೈದ್ಯರು ಬರೆದುಕೊಟ್ಟ ಔಷಧಿ, ಹನಿಗಳಿಗಷ್ಟೇ ವಿನಾಯಿತಿ.

ಹಾಲು ಸಾಕಾಗುತ್ತಿದೆ ಎಂದು ತಿಳಿಯುವುದು ಹೇಗೆ?

ಎದೆ ಮೆತ್ತಗಿದೆ, ಕೂಸು ಅಳುತ್ತದೆ ಎಂದ ಮಾತ್ರಕ್ಕೆ ಹಾಲು ಕಡಿಮೆ ಎಂದಲ್ಲ. ನೋಡಬೇಕಾದದ್ದು ಎರಡು. ಐದನೇ ದಿನದ ನಂತರ ಕೂಸು ದಿನಕ್ಕೆ 6 ಸಲವಾದರೂ ಮೂತ್ರ ಮಾಡಬೇಕು. ಹುಟ್ಟಿದ ಮೇಲೆ ಸ್ವಲ್ಪ ಇಳಿದ ತೂಕ ಸುಮಾರು ಎರಡು ವಾರದೊಳಗೆ ಮರಳಿ ಬರಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೂ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡುವ ವ್ಯವಸ್ಥೆ ಇದೆ. ಆಗ ಕೂಸಿನ ತೂಕ ಹಾಕಿಸಿ.

ಪುಡಿಯಿಂದಾಗುವ ದೊಡ್ಡ ನಷ್ಟ ಹಲವು ಸಲ ಇಲ್ಲೇ. 'ಇನ್ನೊಂದು ವಾರ ಪುಡಿ ಕೊಟ್ಟು ನೋಡೋಣ' ಎಂದು ಕಾಯುವಷ್ಟರಲ್ಲಿ ಕೂಸಿನ ತೂಕ ಇಳಿಯುತ್ತಾ ಹೋಗುತ್ತದೆ. ಕೂಸು ಹಾಲು ಕುಡಿಯದೆ ಮಂಕಾಗಿದ್ದರೆ, ಮೂತ್ರ ಕಡಿಮೆಯಾದರೆ, ಜ್ವರ ಬಂದರೆ ಅಥವಾ ಮೈ ತಣ್ಣಗಾದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಸಲಹೆಗೆ 104 ಆರೋಗ್ಯ ಸಹಾಯವಾಣಿ ಇದೆ.

ಹಾಗಾದರೆ ಏನು ಮಾಡಬೇಕು?

ಅತ್ತೆಯವರೋ ಅವ್ವನೋ ಬೇರಿನ ಪುಡಿ ತಂದಿದ್ದರೆ ಜಗಳ ಬೇಡ. 'ಡಾಕ್ಟರಿಗೆ ಒಮ್ಮೆ ತೋರಿಸಿ ಆಮೇಲೆ ತಗೋತೀನ್ರಿ' ಎಂದರೆ ಸಾಕು. ಆ ಪೊಟ್ಟಣವನ್ನೇ ಆಸ್ಪತ್ರೆಗೆ ಒಯ್ಯಿರಿ. ಥೈರಾಯ್ಡ್, ಬಿಪಿ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಇದನ್ನು ತಪ್ಪಿಸಲೇಬಾರದು. ಆಯುರ್ವೇದ ಔಷಧಿಯೇ ಬೇಕೆಂದರೆ ಅರ್ಹ ಆಯುರ್ವೇದ ವೈದ್ಯರ ಬಳಿ ಹೋಗಿ, ಹಾಲುಣಿಸುತ್ತಿರುವುದನ್ನು ಮೊದಲೇ ತಿಳಿಸಿ.

ನಮ್ಮ ತೀರ್ಮಾನ: 'ಬೇರಿನ ಪುಡಿಯಿಂದ ಮೂರು ದಿನದಲ್ಲಿ ಹಾಲು, ಅಡ್ಡ ಪರಿಣಾಮ ಇಲ್ಲ' ಎಂಬ ಸಂದೇಶ ದಾರಿ ತಪ್ಪಿಸುವಂಥದ್ದು. ಮತ್ತೆ ಬಂದರೆ ಮುಂದಕ್ಕೆ ಕಳುಹಿಸಬೇಡಿ. ಕಳುಹಿಸಿದವರಿಗೆ 'ಕೂಸಿನ ತೂಕ ಹಾಕಿಸಿದಿರಾ?' ಎಂದು ಕೇಳಿ.