ಬಾಗಿಲ ನಿಯಮವನ್ನು ಬದಲಿಸುವ ಬಗೆ

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬರುವ ತರುಣರಲ್ಲಿ ಹಲವರು ಕಂಪ್ಯೂಟರ್ ಕಛೇರಿಗಳಲ್ಲಿ ಕೆಲಸ ಮಾಡತಕ್ಕವರು. ಪತ್ರಿಕೆಗಳ ಮೇಜಿನ ಬಳಿ ಅವರು ಮಾತನಾಡಿಕೊಳ್ಳುವ ವಿಷಯಗಳಲ್ಲಿ ಒಂದನ್ನು ಈ ಸಲ ಎತ್ತಿಕೊಂಡಿದ್ದೇವೆ. ಆ ಕಸುಬಿನವರಲ್ಲದ ವಾಚಕರೂ ಇದನ್ನು ಅರಿತಿರುವುದು ಒಳ್ಳೆಯದು. ನಮ್ಮ ಸಂಬಳದ ಲೆಕ್ಕ, ಆಸ್ಪತ್ರೆಯ ಕಾಗದ, ಬ್ಯಾಂಕಿನ ಖಾತೆ ಇವನ್ನು ಯಾರು ನೋಡಬಹುದು, ಯಾರು ನೋಡಕೂಡದು ಎಂಬುದನ್ನು ಈಗ ಯಂತ್ರವೇ ತೀರ್ಮಾನಿಸುವುದುಂಟು.

ಈ ತೀರ್ಮಾನವನ್ನು ಪ್ರತಿಯೊಂದು ಪ್ರೋಗ್ರಾಮಿನ ಹೊಟ್ಟೆಯೊಳಗೇ ಬರೆದಿಟ್ಟರೆ, ನಿಯಮ ಬದಲಾದಾಗಲೆಲ್ಲ ಹತ್ತು ಪ್ರೋಗ್ರಾಮುಗಳನ್ನು ಬಿಚ್ಚಿ ಹೊಲಿಯಬೇಕು. ಆದ್ದರಿಂದ ನಿಯಮಗಳನ್ನು ಹೊರತೆಗೆದು ಬೇರೊಂದು ಸರ್ವರಿನ ವಶಕ್ಕೆ ಕೊಡುವ ಪದ್ಧತಿ ಬಂತು. ಇಂಥವುಗಳಲ್ಲಿ ಹೆಸರಾದದ್ದು 'ಓಪನ್ ಪಾಲಿಸಿ ಏಜೆಂಟ್'. ಬಳಸುವವರು ಚುಟುಕಾಗಿ ಓಪಾ ಎನ್ನುತ್ತಾರೆ. ಅಮೆರಿಕದ ಸ್ಟೈರಾ ಸಂಸ್ಥೆಯವರು ಆರಂಭಿಸಿದ ಇದನ್ನು ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ 2018ರಲ್ಲಿ ತನ್ನ ಆಶ್ರಯಕ್ಕೆ ತೆಗೆದುಕೊಂಡು, 2021ರಲ್ಲಿ ಪಕ್ವವಾದ ಯೋಜನೆಯೆಂದು ಅಂಗೀಕರಿಸಿತು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ನಿಯಮಗಳನ್ನು ರೇಗೋ ಎಂಬ ಭಾಷೆಯಲ್ಲಿ ಬರೆಯಬೇಕು. "ಇಂಥವರು ಇಂಥದನ್ನು ಬಯಸುತ್ತಿದ್ದಾರೆ, ಕೊಡಲೆ?" ಎಂದು ಪ್ರೋಗ್ರಾಮು ಕೇಳುತ್ತದೆ, ಓಪಾ ನಿಯಮ ನೋಡಿ ಉತ್ತರ ಹೇಳುತ್ತದೆ. ಬಾಗಿಲು ತೆರೆಯುವುದು, ಮುಚ್ಚುವುದು ಪ್ರೋಗ್ರಾಮಿನ ಪಾಲಿನ ಕೆಲಸ.

ಇನ್ನು ನಿಯಮವನ್ನು ಏರಿಸುವ ಕ್ರಮ. ಸರ್ವರಿನ ವಿಳಾಸಕ್ಕೆ, ಸಾಮಾನ್ಯವಾಗಿ 8181ನೆಯ ಪೋರ್ಟಿಗೆ, 'ಪುಟ್' ಎಂಬ ಕೋರಿಕೆಯೊಡನೆ ನಿಯಮದ ಪಾಠವನ್ನು ಕಳುಹಿಸಬೇಕು. ಅದಕ್ಕೊಂದು ಗುರುತಿನ ಹೆಸರನ್ನೂ ಕೊಡಬೇಕು. ಆ ಹೆಸರಿನದು ಮೊದಲು ಇಲ್ಲದಿದ್ದರೆ ಹೊಸದಾಗಿ ಸೇರುತ್ತದೆ; ಇದ್ದರೆ ಹಳೆಯದು ಪೂರ್ತಿ ಹೋಗಿ ಹೊಸದು ಕೂರುತ್ತದೆ. ಬರೆವಣಿಗೆಯಲ್ಲಿ ತಪ್ಪಿದ್ದರೆ ಓಪಾ 400 ಎಂಬ ಸಂಖ್ಯೆಯೊಡನೆ ಅದನ್ನು ಹಿಂದಿರುಗಿಸುತ್ತದೆ, ಹಳೆಯ ನಿಯಮ ಹಾಗೆಯೇ ನಡೆಯುತ್ತಿರುತ್ತದೆ. ಅರ್ಧ ಹಳೆಯದು ಅರ್ಧ ಹೊಸದು ಎಂಬ ಎಡವಟ್ಟು ಇಲ್ಲ. ಕರ್ಲ್ ಎಂಬ ಉಪಕರಣದಿಂದ ಕಡತವನ್ನು ಕಳುಹಿಸುವವರು 'ಡೇಟಾ' ಎಂಬ ಆಯ್ಕೆಯನ್ನು ಬಿಟ್ಟು 'ಡೇಟಾ-ಬೈನರಿ' ಎಂಬುದನ್ನೇ ಹಾಕಬೇಕು. ಮೊದಲನೆಯದು ಸಾಲುಗಳ ನಡುವಿನ ಗುರುತನ್ನು ಕಿತ್ತು ಎಲ್ಲವನ್ನೂ ಒಂದೇ ಸಾಲು ಮಾಡಿಬಿಡುತ್ತದೆ. ರೇಗೋದಲ್ಲಿ ಸಾಲು ಮುಗಿಯುವುದಕ್ಕೂ ಅರ್ಥವುಂಟು.

ನಿಜವಾದ ಅಪಾಯವಿರುವುದು ಗುರುತಿನ ಹೆಸರಿನಲ್ಲಿ. ನಮ್ಮಲ್ಲೊಬ್ಬರು ಕಂಡ ಪ್ರಸಂಗವಿದು. ಒಂದು ಕಛೇರಿಯಲ್ಲಿ ಗುತ್ತಿಗೆಯವರಿಗೆ ಸಂಬಳದ ಪಟ್ಟಿ ಕಾಣಬಾರದೆಂದು ಹೊಸ ನಿಯಮ ಬರೆದರು. ಹಳೆಯದರ ಗುರುತು 'ಸಂಬಳ'. ಹೊಸದನ್ನು 'ಸಂಬಳ-ಹೊಸದು' ಎಂದು ಏರಿಸಿದರು. ಸರ್ವರು ಸರಿ ಎಂದಿತು, ಎಲ್ಲರೂ ಮನೆಗೆ ಹೋದರು. ಆದರೆ ಗುರುತು ಕಡತದ ಮೇಲೆ ಅಂಟಿಸಿದ ಚೀಟಿ ಮಾತ್ರ. ಯಾವ ಪ್ರಶ್ನೆಗೆ ಯಾವ ನಿಯಮ ಎಂಬುದನ್ನು ನಿರ್ಧರಿಸುವುದು ಕಡತದ ಒಳಗೆ ಮೊದಲಲ್ಲಿ ಬರೆದ 'ಪ್ಯಾಕೇಜ್' ಹೆಸರು. ಎರಡರಲ್ಲೂ ಅದು ಒಂದೇ ಇದ್ದುದರಿಂದ ಎರಡು ನಿಯಮಗಳೂ ಕೂಡಿಕೊಂಡವು. ಕೂಡಿದಾಗ ಯಾವುದಾದರೂ ಒಂದು 'ಬಿಡಬಹುದು' ಎಂದರೆ ಸಾಕು, ಅಪ್ಪಣೆ ಸಿಕ್ಕಿತು. ಗುತ್ತಿಗೆಯವರು ಪಟ್ಟಿ ನೋಡುತ್ತಲೇ ಇದ್ದರು. ಎರಡು ಕಡತಗಳಲ್ಲೂ 'ಬೇರೇನೂ ಹೊಂದದಿದ್ದರೆ ಇಲ್ಲ' ಎನ್ನುವ 'ಡಿಫಾಲ್ಟ್' ಸಾಲು ಇದ್ದಿದ್ದರೆ ಓಪಾ ಹೊಸದನ್ನು ಅಲ್ಲಿಯೇ ತಿರಸ್ಕರಿಸುತ್ತಿತ್ತು; ದುರದೃಷ್ಟಕ್ಕೆ ಅದು ಹಳೆಯದರಲ್ಲಿ ಮಾತ್ರ ಇತ್ತು. 'ಗೆಟ್' ಎಂಬ ಕೋರಿಕೆಯಿಂದ ನಿಯಮಗಳ ಪಟ್ಟಿ ತರಿಸಿದ್ದರೆ ಎರಡು ಹೆಸರೂ ಕಣ್ಣಿಗೆ ಬೀಳುತ್ತಿದ್ದವು, 'ಡಿಲೀಟ್' ಎಂದು ಹಳೆಯದನ್ನು ತೆಗೆಯಬಹುದಿತ್ತು. ಹೊಸ ನಿಯಮ ಏರಿಸಿದವರು ಪಟ್ಟಿಯನ್ನು ನೋಡದೆ ಏಳಕೂಡದೆಂಬುದು ನಮ್ಮ ಅಭಿಪ್ರಾಯ. ನೋಡಕೂಡದವರ ಪರವಾಗಿ ಒಂದು ಪ್ರಶ್ನೆ ಕೇಳಿ 'ಇಲ್ಲ' ಎಂಬ ಉತ್ತರವನ್ನು ಪಡೆದರೆ ಮತ್ತೂ ಒಳ್ಳೆಯದು.

2024ರ ಡಿಸೆಂಬರಿನಲ್ಲಿ 1.0 ಆವೃತ್ತಿ ಬಂದಾಗ ರೇಗೋದ ಬರೆವಣಿಗೆ ಸ್ವಲ್ಪ ಬದಲಾಯಿತು. ನಿಯಮದ ತಲೆಗೂ ಷರತ್ತಿಗೂ ನಡುವೆ 'ಇಫ್' ಎಂಬ ಪದ ಕಡ್ಡಾಯವಾಯಿತು. ಹಳೆಯ ಕಡತಗಳನ್ನು ತಿದ್ದದೆ ಏರಿಸಿದರೆ ಹಿಂದಕ್ಕೆ ಬರುತ್ತವೆ. ಇನ್ನೊಂದು ಮಾತು: ನೀವು ಯಾರು ಎಂದು ಓಪಾ ತಾನಾಗಿ ಕೇಳುವುದಿಲ್ಲ. ಸರ್ವರನ್ನು ಆರಂಭಿಸುವಾಗಲೇ ಗುರುತು ಪರೀಕ್ಷೆಯನ್ನೂ ಅಪ್ಪಣೆಯ ನಿಯಮವನ್ನೂ ಹೂಡದಿದ್ದರೆ, ಆ ಪೋರ್ಟನ್ನು ಮುಟ್ಟಬಲ್ಲ ಯಾರೇ ಆಗಲಿ ನಿಯಮವನ್ನೇ ಬದಲಿಸಿಯಾರು. ಕಾವಲುಗಾರನ ಪುಸ್ತಕವನ್ನು ಬೀದಿಯಲ್ಲಿಟ್ಟಂತೆ.

ಹೀಗೆ ಏರಿಸಿದ ನಿಯಮಗಳು ಸಾಧಾರಣವಾಗಿ ಸರ್ವರಿನ ನೆನಪಿನಲ್ಲಿ ಮಾತ್ರ ಇರತಕ್ಕವು. ಸರ್ವರು ನಿಂತು ಮತ್ತೆ ಆರಂಭವಾದರೆ ಅವು ಇಲ್ಲ. ಅದಕ್ಕಾಗಿ ದೊಡ್ಡ ಕಛೇರಿಗಳವರು ನಿಯಮಗಳನ್ನು 'ಬಂಡಲ್' ಎಂಬ ಒಂದೇ ಗಂಟಾಗಿ ಕಟ್ಟಿ ಬೇರೊಂದು ಕಡೆ ಇಡುತ್ತಾರೆ. ಓಪಾ ಆಗಾಗ ಅಲ್ಲಿಗೆ ಹೋಗಿ, ಹೊಸ ಗಂಟು ಬಂದಿದ್ದರೆ ತಾನೇ ತಂದುಕೊಳ್ಳುತ್ತದೆ. ಗಂಟಿನ ವಶದಲ್ಲಿರುವ ನಿಯಮವನ್ನು ಕೈಯಿಂದ 'ಪುಟ್' ಮಾಡಿ ಬದಲಿಸಲು ಅದು ಒಪ್ಪುವುದಿಲ್ಲ. ತಿದ್ದಬೇಕಾದರೆ ಗಂಟನ್ನೇ ತಿದ್ದಿ ಕಟ್ಟಬೇಕು.