ಕೋಲ್ಟೋ, ಸ್ಮಿತ್ತೋ? ಗುಂಡಿ ನೋಡಿ ಹೇಳಿ!

ನಳಿಕೆ ಬರೀ 2 ಇಂಚು, ಆದರೂ ಗುಂಡು 6! 1927ರಲ್ಲಿ ಅಮೆರಿಕದ ಕೋಲ್ಟ್ ಕಂಪನಿ ತಂದ ಡಿಟೆಕ್ಟಿವ್ ಸ್ಪೆಷಲ್ ರಿವಾಲ್ವರ್ ಇದು. ಮಫ್ತಿ ಪೊಲೀಸರ ಕೋಟಿನೊಳಗೆ ಸಲೀಸಾಗಿ ಅಡಗುತ್ತಿತ್ತು.

1950ರಲ್ಲಿ ಸ್ಮಿತ್ ಆಂಡ್ ವೆಸ್ಸನ್ ಎದುರಾಳಿಯನ್ನು ಇಳಿಸಿತು: ಚೀಫ್ಸ್ ಸ್ಪೆಷಲ್. ಗುಂಡು ಐದೇ. ಅದಕ್ಕೇ ಸಿಲಿಂಡರ್ ಇನ್ನೂ ತೆಳು, ಜೇಬಿಗೆ ಇನ್ನೂ ಅನುಕೂಲ.

ಎರಡನ್ನೂ ಗುರುತಿಸೋದು ಹೇಗೆ? ಎಡಬದಿಯಲ್ಲಿ ಸಿಲಿಂಡರ್ ತೆರೆಯೋ ಗುಂಡಿ ನೋಡಿ. ಕೋಲ್ಟ್‌ನಲ್ಲಿ ಹಿಂದಕ್ಕೆ ಎಳೀಬೇಕು, ಸ್ಮಿತ್‌ನಲ್ಲಿ ಮುಂದಕ್ಕೆ ತಳ್ಳಬೇಕು.

ಸಂಗ್ರಾಹಕರು ಹುಡುಕೋದು ಕಾರ್ಖಾನೆಯ ಮೂಲ ನೀಲಿ ಮೆರುಗು. ಹೋಲ್‌ಸ್ಟರ್ ಉಜ್ಜಿ ನಳಿಕೆಯ ತುದಿ ಸವೆದಿದ್ದರೂ ಪರವಾಗಿಲ್ಲ. ಹೊಸದಾಗಿ ಪಾಲಿಶ್ ಹೊಡೆಸಿದರೆ ಮಾತ್ರ ಬೆಲೆ ಇಳಿಯುತ್ತೆ.

ಜೊತೆಗೆ ಒಯ್ಯೋ ನಿಯಮ ಅಮೆರಿಕದಲ್ಲಿ ರಾಜ್ಯಕ್ಕೊಂದು ಥರ. ಭಾರತದಲ್ಲಂತೂ ಇಂಥದ್ದನ್ನು ಮನೆಯಲ್ಲಿಡೋಕೂ ಲೈಸೆನ್ಸ್ ಬೇಕೇ ಬೇಕು.